ನಾನು ಕೆಡಿಸಿದ ಗ್ರೈಂಡರ್ ಕೆಟ್ಟಿರಲೇ ಇಲ್ಲ

ಮನೆಯಲ್ಲಿ ಎಸ್ಪ್ರೆಸೊ, ಅಂದರೆ ಒತ್ತಡದಲ್ಲಿ ಬಿಸಿನೀರು ಹಾಯಿಸಿ ಹಿಂಡುವ ಗಟ್ಟಿ ಕಾಫಿ, ಮಾಡಿಕೊಳ್ಳುವವರಿಗೆ ಒಂದು ಮಾತು. ಇಷ್ಟು ದಿನ ಸರಿಯಾಗಿ ಬರುತ್ತಿದ್ದ ಶಾಟ್ (ಒಂದು ಸಲಕ್ಕೆ ಹಿಂಡುವ ಕಾಫಿ) ಒಂದು ಬೆಳಿಗ್ಗೆ ನಲ್ಲಿ ನೀರಿನ ಹಾಗೆ ಸುರಿದರೆ ಸ್ಕ್ರೂಡ್ರೈವರ್ ಹುಡುಕಲು ಹೋಗಬೇಡಿ. ನಾನು ಹೋದೆ. ಚೆನ್ನಾಗಿದ್ದ ಕಾಫಿ ಗ್ರೈಂಡರ್ ಅನ್ನು ಎರಡೇ ದಿನದಲ್ಲಿ ಕೈಯಾರೆ ಹಾಳು ಮಾಡಿ ಕೂತೆ.

ನನ್ನದು ಎಲ್ಲರೂ ಹಿಡಿಯುವ ಲೆಕ್ಕವೇ. 18 ಗ್ರಾಂ ಪುಡಿ, 36 ಗ್ರಾಂ ಕಾಫಿ, 28 ಸೆಕೆಂಡಿನ ಆಸುಪಾಸು. ಗ್ರೈಂಡರಿನ ಡಯಲ್ 12ರಲ್ಲಿದ್ದರೆ ಸಾಕು, ನಿದ್ದೆಗಣ್ಣಲ್ಲೂ ಆಗುತ್ತಿತ್ತು. ಆ ದಿನ 15 ಸೆಕೆಂಡಿಗೇ ಕಪ್ ತುಂಬಿತು. ಬಣ್ಣ ತೆಳು, ಮೇಲೆ ಕ್ರೀಮಾ (ಕಂದು ನೊರೆ) ಇದ್ದೂ ಇಲ್ಲದ ಹಾಗೆ, ಬಾಯಿಗಿಟ್ಟರೆ ಸಪ್ಪೆ. ನನ್ನ ಗ್ರೈಂಡರಿನಲ್ಲಿ ಅಂಕಿ ಇಳಿದಷ್ಟೂ ಪುಡಿ ನುಣ್ಣಗಾಗುತ್ತದೆ, ನೀರು ನಿಧಾನವಾಗಿ ಇಳಿಯುತ್ತದೆ. 10ಕ್ಕೆ ತಂದೆ, 8ಕ್ಕೆ ತಂದೆ, ಕೊನೆಗೆ 5ಕ್ಕೆ. 17 ಸೆಕೆಂಡು ದಾಟಲಿಲ್ಲ. ಬರ್ ಸವೆದಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಬರ್ ಅಂದರೆ ಬೀಜ ಅರೆಯುವ ಉಕ್ಕಿನ ಹಲ್ಲುಚಕ್ರ. ಒಂದು ಕೂತಿರುತ್ತದೆ, ಇನ್ನೊಂದು ತಿರುಗುತ್ತದೆ.

ಮೇಲಿನ ಬರ್ ಸಲೀಸಾಗಿ ಬಂತು. ಕೆಳಗಿನದನ್ನು ಹಿಡಿದಿದ್ದ ನಡುವಿನ ನಟ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸ್ಪ್ಯಾನರ್ ಹಾಕಿ, ಮೈಯ ಬಲವೆಲ್ಲಾ ಹಾಕಿ ಎಡಕ್ಕೆ ತಿರುಗಿಸಿದೆ. ನಟ್ಟಿನ ಮೂಲೆಗಳು ಸವೆದು ದುಂಡಗಾದ ಮೇಲೆ ಮ್ಯಾನುಯಲ್ ತೆಗೆದು ನೋಡಿದೆ. ಅದು ಉಲ್ಟಾ ತಿರುಪು. ಎಡಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತದೆ! ತಿರುಗುವಾಗ ತಾನಾಗಿ ಸಡಿಲವಾಗಬಾರದು ಅಂತ ಹಲವು ಗ್ರೈಂಡರುಗಳಲ್ಲಿ ಹೀಗೇ ಮಾಡಿರುತ್ತಾರೆ. ಮ್ಯಾನುಯಲ್ ಓದುವ ಕೆಲಸ ಯಾವಾಗಲೂ ಕೊನೆಗೇ ಬರುತ್ತದೆ ಅಲ್ವಾ?

ಬಿಚ್ಚುವಾಗ ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಬರ್ ಕೆಳಗೆ ಕಾಗದದಷ್ಟು ತೆಳ್ಳಗಿನ ವಾಷರ್‌ಗಳಿದ್ದವು. ಎರಡಿದ್ದವೋ ಮೂರೋ, ಎಣಿಸಿರಲಿಲ್ಲ. ಕೈಗೆ ಸಿಕ್ಕಿದ್ದು ಎರಡು. ಬರ್ ಹಲ್ಲುಗಳ ಸಂದಿಯಲ್ಲಿ ಕಪ್ಪಗೆ ಎಣ್ಣೆ ಜಿಡ್ಡು ಮೆತ್ತಿಕೊಂಡಿತ್ತು. ಸುಮ್ನೆ ಬ್ರಷ್‌ನಲ್ಲಿ ಉಜ್ಜಿದ್ದರೆ ಸಾಕಿತ್ತು. ನಾನು ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದೆ, ಬಟ್ಟೆಯಲ್ಲಿ ಒರೆಸಿಟ್ಟೆ. ಬೆಳಿಗ್ಗೆ ನೋಡಿದರೆ ಹಲ್ಲುಗಳ ಅಂಚಿಗೆ ತುಕ್ಕಿನ ಚುಕ್ಕೆ. (ಅಕ್ಕಿ ಅರೆದರೆ ಒಳಗೆಲ್ಲ ಶುಚಿಯಾಗುತ್ತದೆ ಅನ್ನುವ ಸಲಹೆಯನ್ನು ಅದೃಷ್ಟಕ್ಕೆ ಪಾಲಿಸಲಿಲ್ಲ. ಹುರಿದ ಕಾಫಿ ಬೀಜಕ್ಕಿಂತ ಅಕ್ಕಿ ಗಟ್ಟಿ. ಮೋಟಾರು ಸಿಕ್ಕಿಕೊಳ್ಳಬಹುದು.)

ತುಕ್ಕು ಉಜ್ಜಿ ಜೋಡಿಸಿದೆ. ಆದರೆ ಮೇಲಿನ ಬರ್ ಕೂರುವ ಜಾಗದಲ್ಲಿ ಹಳೇ ಪುಡಿಯ ಒಂದು ಕಣ ಉಳಿದಿತ್ತು. ಎಸ್ಪ್ರೆಸೊಗೆ ಎರಡು ಬರ್‌ಗಳ ನಡುವಿನ ಸಂದು ಕೂದಲೆಳೆಯ ಲೆಕ್ಕದ್ದು. ಅಂಥ ಕಡೆ ಒಂದು ಕಣ ಸಿಕ್ಕಿಕೊಂಡರೂ ಬರ್ ವಾಲುತ್ತದೆ. ಒಂದು ಬದಿ ಹತ್ತಿರ, ಇನ್ನೊಂದು ಬದಿ ದೂರ. ಬಂದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಮೈದಾ ಹಿಟ್ಟಿನಂಥದ್ದೂ ಇತ್ತು, ರವೆಯಂಥ ತರಿಯೂ ಇತ್ತು.

ಅದನ್ನು ನೋಡಿ ತಾಳ್ಮೆ ಹೋಯಿತು. ಮೋಟಾರು ಆಫ್ ಆಗಿತ್ತು, ಒಳಗೆ ಬೀಜ ಇತ್ತು. ಹಾಗೇ ಡಯಲ್ ಅನ್ನು 12ರಿಂದ 4ಕ್ಕೆ ತಿರುವಿದೆ. ನಡುವೆ ಗಟ್ಟಿ ಆಯಿತು, ಇನ್ನಷ್ಟು ಒತ್ತಿದೆ. ಸ್ವಿಚ್ ಹಾಕಿದರೆ ಮೊದಲು ಗುಂಯ್ ಅಂತ ಮುಲುಕಿತು, ಆಮೇಲೆ ಟಕ್ ಟಕ್ ಟಕ್. ಸುಟ್ಟ ವಾಸನೆ. ಬಿಚ್ಚಿದರೆ ಬಿಳೀ ಪ್ಲಾಸ್ಟಿಕ್ ಗೇರಿನ ಮೂರು ಹಲ್ಲು ನುಣ್ಣಗೆ ಬೋಳಾಗಿದ್ದವು. ಈ ಒಂದನ್ನಾದರೂ ನೆನಪಿಟ್ಟುಕೊಳ್ಳಿ. ಬೀಜ ಒಳಗಿದ್ದಾಗ ನುಣುಪಿನ ಕಡೆಗೆ ತಿರುಗಿಸುವುದಾದರೆ ಮೋಟಾರು ಓಡುತ್ತಲೇ ಇರಬೇಕು, ಅದೂ ಸ್ವಲ್ಪ ಸ್ವಲ್ಪವೇ.

ಸರ್ವಿಸ್‌ನವರಿಗೆ ಫೋನ್ ಮಾಡಿ ಕಥೆಯೆಲ್ಲಾ ಹೇಳಿದೆ. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಸರ್, ಆ ಬೀಜ ಹುರಿದು ಎಷ್ಟು ದಿನ ಆಯ್ತು?"

ಪೊಟ್ಟಣ ತಿರುಗಿಸಿ ನೋಡಿದೆ. ಎರಡೂವರೆ ತಿಂಗಳು. ಅದರಲ್ಲಿ ಮೂರು ವಾರ ಹಾಪರಿನಲ್ಲೇ (ಗ್ರೈಂಡರ್ ಮೇಲೆ ಬೀಜ ತುಂಬುವ ಡಬ್ಬಿ) ಬಿದ್ದಿತ್ತು, ಮುಚ್ಚಳ ಅರ್ಧ ತೆರೆದೇ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಇರುತ್ತದೆ. ನೀರು ಪುಡಿಯೊಳಗೆ ಇಳಿಯುವಾಗ ಆ ಗಾಳಿ ಎದುರು ಒತ್ತಿ ವೇಗ ತಡೆಯುತ್ತದೆ. ಕ್ರೀಮಾ ಬರುವುದೂ ಅದರಿಂದಲೇ. ಬೀಜ ಹಳೆಯದಾದರೆ ಗಾಳಿ ಹೋಗಿರುತ್ತದೆ, ನೀರು ತಡೆಯಿಲ್ಲದೆ ಇಳಿದುಬಿಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಕ್ರೀಮಾ ಇಲ್ಲ ಅನ್ನುವುದು ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು, ಅದಕ್ಕೇ ಜಾಸ್ತಿ ಹೊಟ್ಟೆ ಉರಿಯಿತು.

ಹಾಗಾಗಿ ಮೊದಲು ಬೀಜ ಬದಲಾಯಿಸಿ. ಆಮೇಲೆ ತಕ್ಕಡಿ ನೋಡಿ, 18 ಗ್ರಾಂ ಅಂದುಕೊಂಡಿದ್ದು 16 ಇರಬಹುದು. ಡಯಲ್ ತಿರುಗಿಸಿದ ಮೇಲೆ ಬರುವ ಮೊದಲ ಕೆಲವು ಗ್ರಾಂ ಹಳೇ ಅಳತೆಯ ಪುಡಿ, ಅದನ್ನು ಚೆಲ್ಲಿ. ನಾನು ಚೆಲ್ಲದೆ ಅಂಕಿ ಮೇಲೆ ಅಂಕಿ ಬದಲಾಯಿಸುತ್ತಾ ಹೋಗಿದ್ದೆ. ಹಿಂಡಿದ ಮೇಲೆ ಉಳಿದ ಪುಡಿಯ ಬಿಲ್ಲೆಯಲ್ಲಿ ಸಣ್ಣ ತೂತು ಕಂಡರೆ ನೀರು ಅಡ್ಡದಾರಿ ಹಿಡಿದಿರಬಹುದು. ಆಗ ಪುಡಿ ಹರಡಿ ಒತ್ತುವುದರಲ್ಲಿ ತಪ್ಪಿದೆಯಾ ನೋಡಿ. ಪುಡಿ ಎಲ್ಲೆಲ್ಲೂ ಅಂಟಿಕೊಳ್ಳುತ್ತಿದ್ದರೆ ಅದು ಸ್ಥಿರ ವಿದ್ಯುತ್ತಿನ ಕಾಟ. ಅಳೆದಿಟ್ಟ ಬೀಜಕ್ಕೆ ಅರೆಯುವ ಮುಂಚೆ ಒಂದೆರಡು ಹನಿ ನೀರು ಸವರಿದರೆ ಎಷ್ಟೋ ಕಡಿಮೆಯಾಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಬಿಚ್ಚಿ, ಬೇಡ ಅನ್ನುವುದಿಲ್ಲ. ಪ್ಲಗ್ ಕಿತ್ತಿಟ್ಟು, ಹಂತ ಹಂತಕ್ಕೂ ಫೋಟೋ ತೆಗೆದುಕೊಂಡು.

ನಾನೇ ಬಿಚ್ಚಿದ್ದರಿಂದ ವಾರಂಟಿ ಇಲ್ಲ ಅಂದರು. ಹೊಸ ಗೇರ್, ಹೊಸ ನಟ್ ತರಿಸಿ ಹಾಕಿದೆ. ಸಿಗದಿದ್ದ ಮೂರನೇ ವಾಷರ್ ಮೇಲಿನ ಬರ್ ಬೆನ್ನಿಗೇ ಕಾಫಿ ಜಿಡ್ಡಿನಲ್ಲಿ ಅಂಟಿಕೊಂಡಿತ್ತು, ಇಷ್ಟು ದಿನ ಅದನ್ನು ನೆಲದ ಮೇಲೆ ಹುಡುಕುತ್ತಿದ್ದೆ. ಹುರಿದು ಹತ್ತು ದಿನವಾದ ಬೀಜ ತುಂಬಿ ಡಯಲ್ 12ಕ್ಕೇ ಇಟ್ಟೆ. 27 ಸೆಕೆಂಡು.