ಮಂಡಕ್ಕಿ ತಿನ್ನಕ್ಕೆ ಹೋಗಿ ಡೈವಿಂಗ್ ಕಲ್ತು ಬರೋ ಅಂಗಡಿ

ದಾವಣಗೆರೆ ಪಿ.ಬಿ. ರೋಡ್ ಕಡೆ ಒಂದು ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಐತೆ, ಹೆಸರು ಹಾಕಲ್ಲ, ಎರಡು ಟಿವಿ ಇರೋ ಅಂಗಡಿ ಅಂದ್ರೆ ಆ ಕಡೆಯೋರು ತೋರಿಸ್ತಾರೆ. ಮೆಣಸಿನಕಾಯಿ ಸೂಪರ್, ಬಾಣಲೆಯಿಂದ ನೇರ ಪ್ಲೇಟಿಗೆ. ನರ್ಗೀಸ್ ಮಂಡಕ್ಕಿ ಸುಮಾರು, ಲೇಟಾಗಿ ಹೋದ್ರೆ ಮೆತ್ತಗಾಗಿರುತ್ತೆ. ಟೀ ಓಕೆ. ತಿಂಡಿ ವಿಷಯ ಇಷ್ಟು ಸಾಕು, ನಾನು ಸ್ಟಾರ್ ಕೊಡ್ತಿರೋದು ಗಲ್ಲಾ ಮೇಲಿರೋ ಸಣ್ಣ ಟಿವಿಗೆ.

ದೊಡ್ಡ ಟಿವಿಲಿ ಗಿರಾಕಿಗಳು ಕೇಳಿದ್ದು ಓಡುತ್ತೆ, ಅಂದ್ರೆ ಕ್ರಿಕೆಟ್ಟು. ಸಣ್ಣದು ಮಾತ್ರ ಅಂಗಡಿ ಅಣ್ಣಂದೇ, ಅವರಿಗೆ ಡೈವಿಂಗ್ ಹುಚ್ಚು, ಅದೇ ಎತ್ತರದಿಂದ ಪಲ್ಟಿ ಹೊಡೀತಾ ನೀರಿಗೆ ಹಾರೋ ಆಟ, ಯಾಕೆ ಹತ್ತಿತೋ ದೇವರಿಗೇ ಗೊತ್ತು. 2024 ಆಗಸ್ಟ್ 8ರ ಸಂಜೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ಟೀಮು ಸ್ಪೇನ್ ಮೇಲೆ ಕಂಚಿಗೆ ಆಡ್ತಿತ್ತಲ್ಲ, ಗೋಲ್‌ಕೀಪರ್ ಶ್ರೀಜೇಶ್ ಕೊನೇ ಮ್ಯಾಚ್ ಬೇರೆ, ಕಾಲಿಡಕ್ಕೆ ಜಾಗ ಇಲ್ಲ, ಹೆಚ್ಚೂಕಡಿಮೆ ಅದೇ ಹೊತ್ತಿಗೆ ಡೈವಿಂಗ್‌ನಲ್ಲಿ ಗಂಡಸರ 3 ಮೀಟರ್ ಸ್ಪ್ರಿಂಗ್‌ಬೋರ್ಡ್ ಫೈನಲ್ಲು, ಅಂದ್ರೆ ನೀರಿಂದ ಮೂರು ಮೀಟರ್ ಮೇಲಿರೋ ಬಗ್ಗೋ ಹಲಗೆಯಿಂದ ಹಾರೋದು, ಅಣ್ಣ ಹಾಕಿ ಕಡೆ ತಲೆ ಎತ್ತಿ ನೋಡಿದ್ದು ನಾವು 2-1ರಲ್ಲಿ ಗೆದ್ದು ಎಲ್ರೂ ಕಿರುಚಿದಾಗಲೇ.

ಮಾರ್ಕ್ಸ್ ಹೆಂಗೆ ಹಾಕ್ತಾರಣ್ಣ ಅಂದಿದ್ದಕ್ಕೆ ಪೊಟ್ಟಣ ಕಟ್ಟೋ ಪೇಪರ್ ಮೇಲೆ ಬರೆದು ತೋರಿಸಿದ್ರು. ಏಳು ಜನ ಜಡ್ಜ್, ಮೇಲಿನ ಎರಡು ಕೆಳಗಿನ ಎರಡು ಮಾರ್ಕ್ಸ್ ತೆಗೆದು ಹಾಕಿ ಉಳಿದ ಮೂರು ಕೂಡಿಸಿ, ಆ ಡೈವ್ ಎಷ್ಟು ಕಷ್ಟದ್ದೋ ಆ ನಂಬರಿಂದ ಗುಣಿಸೋದು. ಟಿವಿಲಿ ಡೈವ್ ಹೆಸರು 109ಸಿ ಅಂತ ಬಂದ್ರೆ ಮುಂದಕ್ಕೆ ನಾಲ್ಕೂವರೆ ಪಲ್ಟಿ, ಮಂಡಿ ಎದೆಗೆ ಮಡಚಿ, ಅದರ ಕಷ್ಟದ ನಂಬರ್ 3.8. ಉಳಿದ ಮೂರು ಮಾರ್ಕ್ಸ್ 8.5, 8.5, 9 ಆದ್ರೆ 26, ಗುಣಿಸಿದ್ರೆ 98.8. ಹಾರೋಕೆ ಮುಂಚೆ ಕಾಲಲ್ಲಿ ಗಾಲಿ ತಿರುಗಿಸ್ತಾರಲ್ಲ, ನಾನು ಬ್ರೇಕ್ ಏನೋ ಅನ್ಕೊಂಡಿದ್ದೆ, ಅದು ಹಲಗೆ ಕೆಳಗಿನ ಆಸರೆ ಸರಿಸಕ್ಕಂತೆ, ಹಿಂದಕ್ಕೆ ಸರಿಸಿದಷ್ಟೂ ಹಲಗೆ ಜಾಸ್ತಿ ಬಗ್ಗುತ್ತೆ. ಮೇಲಿಂದ ಪಲ್ಟಿ ಹೊಡೀತಾ ಬರೋರಿಗೆ ನೀರು ಎಲ್ಲೈತೆ ಅಂತ ಕಾಣಲಿ ಅಂತ ಕೆಳಗೆ ನೀರು ಚಿಮುಕಿಸ್ತಿರ್ತಾರೆ, ಇದೂ ಅವತ್ತೇ ಗೊತ್ತಾಗಿದ್ದು.

ಪಕ್ಕದಲ್ಲಿದ್ದ ಯಜಮಾನ್ರೊಬ್ರು, ಭದ್ರಾ ಚಾನಲ್‌ಗೆ ನಾವೂ ಹಾರ್ತಿದ್ವಿ ಬಿಡಪ್ಪಾ ಇದೇನ್ ದೊಡ್ಡದು ಅಂದ್ರು. ನೀವು ಹಾರಿದ್ರೆ ಅರ್ಧ ನೀರು ಗದ್ದೆಗೇ ಹೋಗ್ತಿತ್ತು ಯಜಮಾನ್ರೇ, ಇಲ್ಲಿ ನೀರು ಸಿಡಿದಷ್ಟೂ ಮಾರ್ಕ್ಸ್ ಕಟ್ ಅಂದ್ರು ಅಣ್ಣ.

ಅವತ್ತಿನ ಫೈನಲ್ಲಲ್ಲಿ ಎಲ್ಲಾ ಡೈವ್ ಮಾರ್ಕ್ಸ್ ಕೂಡಿಸಿದ್ರೆ ಚೀನಾದ ಶಿಯೆ ಸಿಯಿ 543.60ಕ್ಕೆ ಗೋಲ್ಡ್, ಹಿಂದಿನ ಟೋಕಿಯೋ ಒಲಿಂಪಿಕ್ಸ್‌ನಲ್ಲೂ ಇವನೇ. ಚೀನಾದವನೇ ವಾಂಗ್ ಝೋಂಗ್‌ಯುವಾನ್ 530.20, ಮೆಕ್ಸಿಕೋದ ಓಸ್ಮಾರ್ ಒಲ್ವೆರಾ 500.40. ಒಲ್ವೆರಾನ ನೆನಪಿಟ್ಕೊಳ್ರಿ, ಇವನು ಚೀನಾದೋರನ್ನ ಕೆಡವ್ತಾನೆ ಅಂತ ಅಣ್ಣ ಅವತ್ತೇ ಹೇಳಿದ್ರು, ಮೂರನೇದಕ್ಕೂ ಎರಡನೇದಕ್ಕೂ ಮೂವತ್ತರ ಹತ್ರ ಗ್ಯಾಪ್ ಐತಲ್ಲಣ್ಣ ಅಂತ ನಾವೆಲ್ಲ ನಕ್ವಿ, 2025ರಲ್ಲಿ ಸಿಂಗಾಪುರದ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಅವನೇ ಗೋಲ್ಡ್ ಹೊಡೆದ, ಈಗ ಅಣ್ಣನ್ನ ಹಿಡಿಯೋರಿಲ್ಲ. ಸುಮ್ನಿದ್ರೆ 1988ರ ಸಿಯೋಲ್ ಒಲಿಂಪಿಕ್ಸ್ ಕಥೆ ಶುರು ಮಾಡ್ತಾರೆ, ಅಮೆರಿಕದ ಡೈವರ್ ಗ್ರೆಗ್ ಲೂಗಾನಿಸ್ ಹಲಗೆಗೆ ತಲೆ ಬಡಿಸ್ಕೊಂಡು ಹೊಲಿಗೆ ಹಾಕಿಸ್ಕೊಂಡು ಬಂದು ಗೋಲ್ಡ್ ಗೆದ್ದಿದ್ದು. ಎಷ್ಟು ಸಲ ಕೇಳಿದ್ರೂ ಚೆನ್ನಾಗೈತೆ, ಆದ್ರೆ ಅಷ್ಟ್ರಲ್ಲಿ ಮೆಣಸಿನಕಾಯಿ ತಣ್ಣಗಾಗುತ್ತೆ.

ಕಂಪ್ಲೇಂಟ್ ಐತೆ. ಸಣ್ಣ ಟಿವಿಗೆ ಸೌಂಡ್ ಇಲ್ಲ, ದೊಡ್ಡದರ ಗಲಾಟೆಲೇ ನೋಡ್ಬೇಕು. ಕರೆಂಟ್ ಹೋದ್ರೆ ಯುಪಿಎಸ್ ದೊಡ್ಡ ಟಿವಿಗಷ್ಟೇ, ಇದು ಅನ್ಯಾಯ. ಗಾಡಿ ನಿಲ್ಸಕ್ಕೆ ಜಾಗ ಇಲ್ಲ. ಸರಿಯಾಗಿ ಕಾಣೋದು ಗಲ್ಲಾ ಎದುರಿನ ಬೆಂಚಿಂದ ಮಾತ್ರ, ಬೇಗ ಹೋಗಿ ಹಿಡೀರಿ. ಚಿಲ್ರೆ ನೀವೇ ತಗೊಂಡ್ ಹೋಗ್ರಿ, ಯಾರಾದ್ರೂ ಹಲಗೆ ಮೇಲೆ ನಿಂತಿದ್ರೆ ಅಣ್ಣ ಐನೂರರ ನೋಟು ಮುಟ್ಟೋದೂ ಇಲ್ಲ. ನಾಲ್ಕು ಸ್ಟಾರ್, ನರ್ಗೀಸ್ ಗರಿಗರಿಯಾಗಿ ಕೊಟ್ರೆ ಐದು.