ಲಿಚೆಸ್: ಗೆಳೆಯರು ಹೋದ ಮೇಲೂ ಅವರ ಆಟ ಉಳಿದಿರುವ ತಾಣ

ಆರು ವರ್ಷಗಳಿಂದ ನಾನು ಲಿಚೆಸ್ ಎಂಬ ಜಾಲತಾಣದಲ್ಲಿ ಚದುರಂಗ ಆಡುತ್ತಿದ್ದೇನೆ. ಅದರಲ್ಲಿ ಐದು ವರ್ಷ, ನನಗಿಂತ ಹಿರಿಯರಾದ ಒಬ್ಬ ಗೆಳೆಯರೊಡನೆ ಹೆಚ್ಚುಕಡಿಮೆ ದಿನವೂ ಆಡಿದೆ. ಅವರು ಈ ವರ್ಷ ತೀರಿಕೊಂಡರು. ಅವರ ಮುಖ ನೋಡಿದವನಲ್ಲ, ದನಿ ಕೇಳಿದವನಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ತಾಣದ ವೇಗ, ವಿನ್ಯಾಸಗಳ ಮಾತಿಗಿಂತ, ಒಬ್ಬ ಆಟಗಾರ ಇಲ್ಲವಾದ ಮೇಲೆ ಅವರನ್ನು ನೆನೆಯುವವರಿಗೆ ಅಲ್ಲಿ ಏನು ಉಳಿಯುತ್ತದೆ ಎಂಬುದನ್ನೇ ಹೇಳುತ್ತೇನೆ.

ಫ್ರಾನ್ಸ್‌ನ ಪ್ರೋಗ್ರಾಮರ್ ತಿಬೋ ದ್ಯುಪ್ಲೆಸಿ 2010ರಲ್ಲಿ ಆರಂಭಿಸಿದ ಈ ತಾಣ ಸಂಪೂರ್ಣ ಉಚಿತ. ಜಾಹೀರಾತುಗಳಿಲ್ಲದೆ, ಆಟಗಾರರ ದೇಣಿಗೆಯಿಂದಲೇ ನಡೆಯುತ್ತಿದೆ. ದೇಣಿಗೆ ಕೊಟ್ಟವರ ಹೆಸರಿನ ಪಕ್ಕ ಪುಟ್ಟ ರೆಕ್ಕೆಯೊಂದು ಕಾಣುತ್ತದೆಯೇ ಹೊರತು ಅವರಿಗೆ ಹೆಚ್ಚಿನ ಸೌಲಭ್ಯವೇನೂ ಸಿಗುವುದಿಲ್ಲ. ಗೆಳೆಯರ ಹೆಸರಿಗೆ ಆ ರೆಕ್ಕೆ ಇತ್ತು. ಬೆಳಿಗ್ಗೆ ತಾಣ ತೆರೆದೊಡನೆ ನಾನು ಮೊದಲು ನೋಡುತ್ತಿದ್ದುದು ಅದು ಹಸಿರಾಗಿದೆಯೇ, ಅಂದರೆ ಅವರು ಆನ್‌ಲೈನ್‌ನಲ್ಲಿದ್ದಾರೆಯೇ ಎಂದು.

ನಾವು ಎರಡು ಬಗೆಯಲ್ಲಿ ಆಡುತ್ತಿದ್ದೆವು. ಒಂದು ಹತ್ತು ನಿಮಿಷದ ಆಟ, ಇನ್ನೊಂದು ನಡೆಗೆ 3 ದಿನ ಗಡುವಿರುವ ನಿಧಾನದ ಆಟ. ರಾಜನ ಮುಂದಿನ ಕಾಲಾಳನ್ನು ನಾನು ಎರಡು ಮನೆ ನಡೆಸಿದರೆ ಅವರ ಉತ್ತರ ಯಾವಾಗಲೂ ಕಾರೋ-ಕಾನ್ ರಕ್ಷಣೆ ಎಂಬ, ಕಪ್ಪು ಕಾಯಿಯವರು ಆಟ ಆರಂಭಿಸುವ ಒಂದು ಕ್ರಮವೇ. ಎದುರಾಳಿಗೆ 15 ಸೆಕೆಂಡ್ ಹೆಚ್ಚು ಕೊಡುವ ಗುಂಡಿಯೊಂದು ಇಲ್ಲಿದೆ. ನನ್ನ ಇಂಟರ್‌ನೆಟ್ ಕೈಕೊಟ್ಟಾಗಲೆಲ್ಲ ಅವರು ಅದನ್ನು ಒತ್ತುತ್ತಿದ್ದರು, ತಾವೇ ಸೋಲುವ ಹಂತದಲ್ಲಿದ್ದರೂ ಒತ್ತುತ್ತಿದ್ದರು. ಆಟದ ಪಕ್ಕದ ಚಾಟ್‌ನಲ್ಲಿ ಒಂದು ಸಂದೇಶಕ್ಕೆ 140 ಅಕ್ಷರಗಳ ಮಿತಿ. ಆ ಮಿತಿಯೊಳಗೇ ಅವರು ಮಗಳ ಮದುವೆ, ಮೊಣಕಾಲು ನೋವು, ಕೊನೆಗೆ ಆಸ್ಪತ್ರೆಯ ವಿಷಯ ಎಲ್ಲವನ್ನೂ ತುಂಡುತುಂಡಾಗಿ ಹೇಳಿದ್ದರು.

ನಮ್ಮ ಕೊನೆಯ ಆಟ ನಿಧಾನದ್ದು. ಇಬ್ಬರಲ್ಲೂ ಒಂದೊಂದು ಆನೆ, ನಾಲ್ಕಾರು ಕಾಲಾಳು ಉಳಿದಿದ್ದಾಗ ಅವರು ಆನೆಯನ್ನು ನೇರವಾಗಿ ನನ್ನ ಕಾಲಾಳುಗಳ ಸಾಲಿಗೇ ತಂದು ನಿಲ್ಲಿಸಿದರು. ನಾನು ಉತ್ತರಿಸಿದೆ. ಆಮೇಲೆ ಅವರ ಕಡೆಯಿಂದ ನಡೆ ಬರಲಿಲ್ಲ. ಮೂರು ದಿನ ಕಳೆದು ಗಡುವು ಮುಗಿದಾಗ, ನಿಯಮದಂತೆ ಗೆಲುವು ನನ್ನ ಹೆಸರಿಗೆ ಬಂತು. ಮರುವಾರ ಅವರ ಖಾತೆಯಿಂದಲೇ ಸಂದೇಶ ಬಂದಾಗ ಜೀವ ಬಂದಂತಾಯಿತು. ತೆರೆದರೆ, ಬರೆದವರು ಅವರ ಮಗಳು. "ಅಪ್ಪ ನಿಮ್ಮ ಆಟದ ಬಗ್ಗೆ ಮನೆಯಲ್ಲಿ ಹೇಳುತ್ತಿದ್ದರು, ನಿಮಗೆ ತಿಳಿಸಬೇಕೆನಿಸಿತು" ಎಂದಿದ್ದರು. ಆ ಆಟವನ್ನು ಇಲ್ಲಿನ ಸ್ಟಾಕ್‌ಫಿಶ್ ಎಂಬ ಚದುರಂಗ ತಂತ್ರಾಂಶದ ವಿಶ್ಲೇಷಣೆಗೆ ಕೊಟ್ಟು ನೋಡಿದೆ. ಸ್ಥಿತಿ ಸಮಬಲದಲ್ಲಿತ್ತು, ಯಾರೂ ಗೆಲ್ಲುತ್ತಿರಲಿಲ್ಲ. ಅದನ್ನು ತಿಳಿದು ನನಗೆ ಸಮಾಧಾನವಾಯಿತು.

ಮುಖ್ಯವಾಗಿ ಹೇಳಬೇಕಾದದ್ದು ಇದು: ನಾವಾಡಿದ ಅಷ್ಟೂ ಆಟಗಳನ್ನು ಹುಡುಕಿ, ಪಿಜಿಎನ್ ಎಂಬ, ಆಟದ ನಡೆಗಳನ್ನು ಬರೆದಿಡುವ ಕಡತವಾಗಿ ನನ್ನ ಕಂಪ್ಯೂಟರ್‌ಗೆ ಇಳಿಸಿಕೊಳ್ಳಲು ಸಾಧ್ಯವಾಯಿತು. ಹತ್ತು ನಿಮಿಷದ ಆಟಗಳ ಕಡತದಲ್ಲಿ ಪ್ರತಿ ನಡೆಯ ಹೊತ್ತಿಗೆ ಗಡಿಯಾರದಲ್ಲಿ ಎಷ್ಟು ಉಳಿದಿತ್ತು ಎಂಬುದೂ ಇರುತ್ತದೆ. ಅವರು ಎಲ್ಲಿ ತಡವರಿಸಿದರು, ಕುದುರೆಯನ್ನು ಬಲಿಕೊಡುವ ಮುನ್ನ ಎಷ್ಟು ಹೊತ್ತು ಕೂತರು ಎಂಬುದನ್ನು ಈಗಲೂ ನೋಡಬಹುದು. ನನ್ನ ಪಾಲಿಗೆ ಇದು ಭಾವಚಿತ್ರಕ್ಕಿಂತ ಹೆಚ್ಚು. ಆದರೆ ಚಾಟ್‌ನ ಮಾತುಗಳು ಈ ಕಡತದಲ್ಲಿ ಬರುವುದಿಲ್ಲ. ಬೇಕಾದವರು ಬೇರೆಯಾಗಿ ನಕಲು ಮಾಡಿಟ್ಟುಕೊಳ್ಳಬೇಕು. ನಾನು ಸಿಕ್ಕಷ್ಟನ್ನು ಒಂದು ನೋಟ್‌ಬುಕ್ಕಿಗೆ ಕೈಯಿಂದ ಬರೆದುಕೊಂಡೆ.

ನಾವಿಬ್ಬರೂ ಇದ್ದ ಇನ್ನೊಂದು ಆ್ಯಪ್, ಅವರು ತೀರಿಕೊಂಡ ತಿಂಗಳೊಳಗೆ, "ಗೆಳೆಯರ ಜೊತೆ ಮಾತಾಡಿ ಬಹಳ ದಿನವಾಯಿತು" ಎಂದು ನೆನಪಿಸಿ ನನಗೆ ಅಳು ತರಿಸಿತು. ಲಿಚೆಸ್ ಅಂಥ ಯಾವ ಸಂದೇಶವನ್ನೂ ನನಗೆ ಕಳಿಸಲಿಲ್ಲ. ಆಟ ಕಲಿಯುವವರಿಗೂ, ದೂರದ ಗೆಳೆಯರೊಡನೆ ಬಹುಕಾಲ ಆಡಬೇಕೆನ್ನುವವರಿಗೂ ನಾನು ಹಿಂದೆಮುಂದೆ ನೋಡದೆ ಸೂಚಿಸುವ ತಾಣ ಇದು.

ಬೇರೆ ಆಟಗಾರರ ಬಗ್ಗೆ ನಮಗಷ್ಟೇ ಕಾಣುವ ಟಿಪ್ಪಣಿ ಬರೆದಿಡುವ ಅನುಕೂಲವೂ ಇಲ್ಲಿದೆ. ಅವರ ಪುಟದಲ್ಲಿ ಐದು ವರ್ಷದ ಹಿಂದೆ ನಾನು ಬರೆದದ್ದು ಹಾಗೇ ಇದೆ: "ಕಾರೋ-ಕಾನ್ ಬಿಟ್ಟು ಬೇರೇನೂ ಆಡುವುದಿಲ್ಲ. ಆನೆಗಳು ಉಳಿದಾಗ ಎಚ್ಚರ." ಮೊನ್ನೆ ಇನ್ನೊಂದು ಟಿಪ್ಪಣಿಯಾಗಿ ಅವರು ತೀರಿಕೊಂಡ ದಿನಾಂಕವನ್ನು ಸೇರಿಸಿದೆ.