ಯಮಹಾ ಪಿ-45: ತಂತಿಯಿಲ್ಲದ ಪಿಯಾನೊ ಎಲ್ಲಿಯವರೆಗೆ ಸಾಕು?

ನಮ್ಮ ಮಗಳು ವಾರಕ್ಕೆರಡು ದಿನ ಶಿಕ್ಷಕಿಯ ಮನೆಯ ಅಪ್‌ರೈಟ್ ಪಿಯಾನೊದಲ್ಲಿ (ತಂತಿಗಳು ನೆಟ್ಟಗೆ ನಿಂತಿರುವ, ಬೀರುವಿನಂಥ ಪಿಯಾನೊ) ಪಾಠ ಹೇಳಿಸಿಕೊಂಡು, ಉಳಿದ ದಿನಗಳಲ್ಲಿ ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಯಮಹಾ ಪಿ-45 ಡಿಜಿಟಲ್ ಪಿಯಾನೊದ ಮೇಲೆ ಅಭ್ಯಾಸ ಮಾಡುತ್ತಾಳೆ. ಮೂರು ವರ್ಷಗಳಿಂದ ಎರಡನ್ನೂ ಕೇಳುತ್ತಿರುವುದರಿಂದ ಈ ಹೋಲಿಕೆಗೆ ಕೈಹಾಕಿದ್ದೇನೆ.

ಅಂಗಡಿಗಳಲ್ಲಿ ಕೀಬೋರ್ಡ್ ಎಂದು ಮಾರುವ 61 ಕೀಗಳ ಹಗುರ ವಾದ್ಯವನ್ನು ಇಲ್ಲಿಗೆ ಎಳೆದುತರುವುದು ಸರಿಯಲ್ಲ. ಅದರಲ್ಲಿ ಪಳಗಿದ ಬೆರಳು ಪಿಯಾನೊದ ಮುಂದೆ ಬೇಗ ಸೋಲುತ್ತದೆ. ಪಿ-45ರಲ್ಲಿ ಪಿಯಾನೊದಂತೆಯೇ 88 ಕೀಗಳಿದ್ದು, ಅವು ಮಂದ್ರದ ಕಡೆ ಭಾರವಾಗಿಯೂ ತಾರದ ಕಡೆ ಹಗುರವಾಗಿಯೂ ಇರುವುದರಿಂದ ಬೆರಳಿಗೆ ತಕ್ಕ ವ್ಯಾಯಾಮ ದೊರೆಯುತ್ತದೆ. ಅಪ್‌ರೈಟ್ ಪಿಯಾನೊವನ್ನು ಮನೆಗೆ ತರಲು ನಾಲ್ಕೈದು ಆಳುಗಳು ಬೇಕು, 11.5 ಕೆ.ಜಿ. ತೂಕದ ಇದನ್ನು ನಾನೊಬ್ಬನೇ ಲಿಫ್ಟಿನಲ್ಲಿ ತಂದೆ. ರಾತ್ರಿ ಹತ್ತರ ನಂತರ ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೆ ಪಕ್ಕದ ಮನೆಯವರ ತಕರಾರಿಲ್ಲ.

ವ್ಯತ್ಯಾಸ ತಿಳಿಯಬೇಕೆಂದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಪಿಯಾನೊದಲ್ಲಿ ಮಂದ್ರದ ಒಂದು ಕೀಯನ್ನು ಸದ್ದಾಗದಂತೆ ನಿಧಾನವಾಗಿ ಒತ್ತಿ ಹಿಡಿದು, ಒಂದು ಸ್ಥಾಯಿ ಮೇಲಿನ ಅದೇ ಸ್ವರವನ್ನು ಚುಟುಕಾಗಿ ಬಾರಿಸಿ ಬಿಡಿ. ಮೇಲಿನ ಸ್ವರ ನಿಂತ ಮೇಲೂ, ಯಾರೂ ಬಾರಿಸದ ಕೆಳಗಿನ ತಂತಿ ತಾನಾಗಿ ಅದೇ ಸ್ವರವನ್ನು ಗುಂಯ್‌ಗುಡುತ್ತದೆ. ಸುಮಾರು 230 ತಂತಿಗಳು ಒಂದೇ ಚೌಕಟ್ಟಿನಲ್ಲಿ ಒಂದರ ಕಂಪನವನ್ನು ಇನ್ನೊಂದು ಎತ್ತಿಕೊಳ್ಳುವ ಈ ಗುಣ, ಧ್ವನಿಮುದ್ರಿತ ಸ್ವರಗಳನ್ನು ನುಡಿಸುವ ಆರಂಭಿಕ ದರ್ಜೆಯ ಡಿಜಿಟಲ್ ವಾದ್ಯಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಹಾಗೆಂದು ತಂತಿಯ ವಾದ್ಯವನ್ನು ಸಾಕುವುದು ಸುಲಭವಲ್ಲ. ಮಳೆಗಾಲದಲ್ಲಿ ಮರ ತೇವ ಹೀರಿ ಶ್ರುತಿ ಜಾರುತ್ತದೆ, ವರ್ಷಕ್ಕೆರಡು ಬಾರಿಯಾದರೂ ಶ್ರುತಿ ಮಾಡಿಸಬೇಕು; ಕಳೆದ ಜುಲೈಯಲ್ಲಿ ಶಿಕ್ಷಕಿಯ ಪಿಯಾನೊದ ಒಂದು ಕೀ ಒತ್ತಿದಲ್ಲೇ ಕೂತುಬಿಟ್ಟಾಗ ರಿಪೇರಿಯವರು ಬರಲು ಮೂರು ವಾರ ಹಿಡಿಯಿತು.

ಕೊಳ್ಳುವವರು ಪೆಡಲಿನ, ಅಂದರೆ ಕೀ ಬಿಟ್ಟ ಮೇಲೂ ಸ್ವರ ಉಳಿಯುವಂತೆ ಕಾಲಲ್ಲಿ ಒತ್ತುವ ಮೆಟ್ಟಿನ, ವಿಷಯದಲ್ಲಿ ಎಚ್ಚರವಹಿಸಬೇಕು. ಪಿ-45ರ ಜೊತೆಗೆ ಬರುವ ಪೆಡಲ್ ಒಂದು ಸ್ವಿಚ್ಚಿನಂತೆ ಒತ್ತಿದರೆ ಉಂಟು, ಬಿಟ್ಟರೆ ಇಲ್ಲ. “ಪೂರ್ತಿ ಬಿಡಬೇಡ ಪುಟ್ಟಿ, ಅರ್ಧ ಸಡಿಲಿಸು” ಎಂದು ಶಿಕ್ಷಕಿ ಹೇಳತೊಡಗಿದ ಮೇಲೆ ನಾವು ಅರ್ಧ ಒತ್ತಡವನ್ನೂ ಗುರುತಿಸುವ ಪೆಡಲನ್ನು ಬೇರೆಯಾಗಿ ಕೊಂಡೆವು. ಪರೀಕ್ಷೆಗೆ ಮುಂಚಿನ ತಿಂಗಳು ಮಾತ್ರ ಅವಳ ಅಭ್ಯಾಸವೆಲ್ಲ ಶಿಕ್ಷಕಿಯ ಮನೆಯಲ್ಲೇ.